ದೊಡ್ಡಪ್ಪನ ತೋಟದ ಮರಗಸಿ ಜಿಗ್ಗು, ಒಂದು ಸಣ್ಣ ಚಿಪ್ಪರ್, 298 ಚೀಲ ಚಕ್ಕೆ

ಮೂಡಿಗೆರೆ ತಾಲ್ಲೂಕಲ್ಲಿ ನಮ್ಮ ದೊಡ್ಡಪ್ಪಂದು ಮೂರೂವರೆ ಎಕರೆ ಕಾಫಿ ತೋಟ ಇದೆ, ಎಲ್ಲ ಅರೇಬಿಕಾ, ನೆರಳಿಗೆ ಸಿಲ್ವರ್ ಓಕು ಹಾಲುವಾಣ, ನಡುನಡುವೆ ಅತ್ತಿ ಹಲಸು, ಸಿಲ್ವರ್ ಮರಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ದೊಡ್ಡಪ್ಪಂಗೆ ಮಂಡಿ ಆಪರೇಷನ್ ಆಗಿ ಎರಡು ವರ್ಷ ತೋಟಕ್ಕೆ ಇಳಿಯೋಕೆ ಆಗ್ಲಿಲ್ಲ, ಮರಗಸಿ, ಅಂದ್ರೆ ನೆರಳು ಮರದ ಕೊಂಬೆ ಕಡಿಸೋ ಕೆಲಸ, ಮಾಡಿಸಿ ಮೂರು ವರ್ಷ ದಾಟಿತ್ತು, ನೆರಳು ಎಷ್ಟು ದಟ್ಟ ಆಗಿತ್ತಂದ್ರೆ ಮಧ್ಯಾಹ್ನ ಹನ್ನೆರಡು ಗಂಟೆಗೂ ಕೆಳಗಿನ ಪಟ್ಟೇಲಿ ಸಂಜೆ ಥರ ಇರೋದು, ಬೇಲಿ ಕಡೆಯಿಂದ ಲಂಟಾನ ಕಳೆ ಒಳಗೆ ನುಗ್ಗಿತ್ತು. 2024ರಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಬೇರೆ ತಡ ಆಯ್ತು, ಏಪ್ರಿಲ್ ಪೂರ್ತಿ ಸುಡು ಬಿಸಿಲು, ಮಳೆಗಾಲ ಶುರುವಾಗೋ ಮುಂಚೆ ಮರಗಸಿ ಮುಗಿಸಲೇಬೇಕು ಅಂತ ದೊಡ್ಡಪ್ಪ ಮೇ ತಿಂಗಳ ಮೊದಲ ವಾರ ಮೇಸ್ತ್ರಿಯನ್ನ ಕರೆಸಿ ಮರ ಹತ್ತಿಸಿದ್ರು. ಐದು ದಿನದಲ್ಲಿ ಬೆಳಕೇನೋ ಬಂತು, ಆದ್ರೆ ಮೂರು ವರ್ಷದ ಕೊಂಬೆ ರೆಂಬೆ ಎಲ್ಲ ಒಟ್ಟಿಗೆ ಕೆಳಗೆ ಬಿದ್ದು, ಗಿಡದ ಸಾಲಲ್ಲಿ ಕಾಲಿಡೋಕೆ ಜಾಗ ಇರ್ಲಿಲ್ಲ.

ದೊಡ್ಡಪ್ಪ ಸುಡೋಣ ಅಂದ್ರು. ಯಾವಾಗ್ಲೂ ಮಾಡಿದ್ದು ಅದನ್ನೇ, ಸೌದೆಗೆ ಆಗೋದನ್ನ ಆರಿಸ್ಕೊಂಡು ಮಿಕ್ಕ ಜಿಗ್ಗನ್ನ, ಅಂದ್ರೆ ಕಡಿದು ಬಿದ್ದ ರೆಂಬೆ ಸೊಪ್ಪನ್ನೆಲ್ಲ, ಎಳೆದು ಖಾಲಿ ಜಾಗದಲ್ಲಿ ರಾಶಿ ಹಾಕಿ ಬೆಂಕಿ ಕೊಡೋದು. ನಂಗೆ ಅದು ಬೇಡ ಅನ್ಸಿದ್ದಕ್ಕೆ ಕಾರಣ ಇತ್ತು, ಅದಕ್ಕೂ ನಾಲ್ಕು ವರ್ಷದ ಹಿಂದೆ ಹಾಗೇ ಸುಟ್ಟಾಗ ರಾಶಿಯಿಂದ ಹತ್ತಡಿ ದೂರ ಇದ್ದ ಹನ್ನೊಂದು ಕಾಫಿ ಗಿಡ ಝಳಕ್ಕೇ ಸುಟ್ಟು ಹೋದ್ವು, ಒಂದು ಒಳ್ಳೆ ಫಸಲಿನ ಮೆಣಸಿನ ಬಳ್ಳಿನೂ ಹೋಯ್ತು. ಜೊತೆಗೆ ಸುಟ್ರೆ ಸೊಪ್ಪಲ್ಲಿರೋ ಸಾರಜನಕ ಬಹುಪಾಲು ಹೊಗೆ ಜೊತೆ ಹೊರಟುಹೋಗುತ್ತೆ, ಬೂದೀಲಿ ಉಳಿಯೋದು ಪೊಟ್ಯಾಶು ಸುಣ್ಣದ ಅಂಶ, ಅದೂ ರಾಶಿ ಇದ್ದ ಆ ಒಂದೇ ಜಾಗದಲ್ಲಿ. ನಮ್ಮ ಮನೆ ಮತ್ತೆ ಪಕ್ಕದ ಎರಡು ಮನೆಯವರು ಸೇರಿ 2022ರಲ್ಲಿ 58 ಸಾವಿರ ಕೊಟ್ಟು ಕೊಂಬೆ ಕೊಚ್ಚಿ ಚಕ್ಕೆ ಮಾಡೋ ಒಂದು ಸಣ್ಣ ಚಿಪ್ಪರ್ ತಗೊಂಡಿದ್ವಿ, ಅದನ್ನ ತರ್ತೀನಿ ಅಂದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು "ತಾ ಮಾರಾಯ, ಆದ್ರೆ ಮಳೆ ಹಿಡಿಯೋ ಒಳಗೆ ನೆಲ ಖಾಲಿ ಆಗ್ಬೇಕು ನೋಡು" ಅಂದ್ರು.

ಮೆಷಿನ್ ಬಗ್ಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಮುಂದಿನ ಕಥೆಯೆಲ್ಲ ಅದರ ಮಿತಿ ಮೇಲೇ ನಿಂತಿದೆ. 7 ಎಚ್‌ಪಿ ಪೆಟ್ರೋಲ್ ಇಂಜಿನ್, 212 ಸಿಸಿ, ಎರಡು ಚಕ್ರದ ಮೇಲೆ ಇಬ್ಬರು ತಳ್ಕೊಂಡು ಹೋಗೋ ಅಷ್ಟು ತೂಕ. ಒಳಗೆ ಒಂದು ಭಾರದ ಫ್ಲೈವೀಲು, ಅದರ ಮುಖದ ಮೇಲೆ ಎರಡು ಬ್ಲೇಡು, ಎದುರಿಗೆ ಅಲುಗಾಡದ ಒಂದು ಪಟ್ಟಿ, ಕೊಂಬೆ ಆ ಪಟ್ಟಿ ಮೇಲೆ ಕೂತಾಗ ಬ್ಲೇಡು ಬಂದು ಚಕ್ಕೆ ಚಕ್ಕೆಯಾಗಿ ಕೊಚ್ಚುತ್ತೆ. ಫ್ಲೈವೀಲಿನ ಹಿಂದೆ ತೂಗಾಡೋ ಸುತ್ತಿಗೆಗಳು ಇವೆ, ಮೇಲಿನ ದೊಡ್ಡ ಬಾಯಿಂದ ಹಾಕಿದ ಸೊಪ್ಪನ್ನ ಅವು ಜಜ್ಜಿ ಜಾಲರಿ ಮೂಲಕ ಹೊರಗೆ ಕಳಿಸ್ತವೆ. ಪಕ್ಕದ ಸಣ್ಣ ಬಾಯಿ ಕೊಂಬೆಗೆ. ಮೂರು ಇಂಚು ದಪ್ಪದ ಕೊಂಬೆ ತಿನ್ನುತ್ತೆ ಅಂತ ಮೆಷಿನ್ ಮೇಲೆ ಬರೆದಿದೆ. ದೊಡ್ಡ ಮೆಷಿನ್ನಲ್ಲಿ ಇರೋ ಹಾಗೆ ಕೊಂಬೆ ಎಳ್ಕೊಳ್ಳೋ ರೋಲರ್ ಇದರಲ್ಲಿಲ್ಲ, ಬ್ಲೇಡು ಹರಿತ ಇದ್ರೆ ಅದೇ ಎಳ್ಕೊಳ್ಳುತ್ತೆ, ಮೊಂಡಾದ್ರೆ ನಾವು ತಳ್ಳಬೇಕು, ತಳ್ಳೋಕೆ ಶುರು ಮಾಡಿದ್ವಿ ಅಂದ್ರೆ ಅಪಾಯ ಶುರು ಅಂತ ಅರ್ಥ.

ಮೇ 13ಕ್ಕೆ ಕೆಲಸ ಶುರು ಮಾಡಿದ್ವಿ. ನಾನು ಮೆಷಿನ್ ಹತ್ರ, ಇಬ್ಬರು ಆಳು ಜಿಗ್ಗು ಎಳೆಯೋಕೆ. ಮೊದಲ ಎರಡು ದಿನ ಒಟ್ಟು 9 ಗಂಟೆ ಇಂಜಿನ್ ಓಡ್ತು, ಸಿಕ್ಕಿದ್ದು 38 ಚೀಲ ಚಕ್ಕೆ, ಗೊಬ್ಬರದ ಖಾಲಿ ಚೀಲದ ಲೆಕ್ಕದಲ್ಲಿ. ಗಂಟೆಗೆ ನಾಲ್ಕು ಚೀಲ. ಹೀಗೇ ಆದ್ರೆ ತಿಂಗಳು ಬೇಕು, ಮಳೆ ಅಷ್ಟು ದಿನ ಕಾಯಲ್ಲ.

ಎಲ್ಲಿ ತಪ್ಪಾಗ್ತಿದೆ ಅಂತ ಎರಡನೇ ದಿನ ಸಂಜೆ ಕೂತು ಯೋಚನೆ ಮಾಡಿದ್ರೆ ಮೂರು ನಾಲ್ಕು ವಿಷಯ ಒಟ್ಟಿಗೆ ಸೇರಿತ್ತು. ಒಂದು, ಆಳುಗಳು ಕೈಗೆ ಸಿಕ್ಕಿದ ಹಾಗೆ ಎಳ್ಕೊಂಡು ಬಂದು ಸುರಿತಿದ್ರು, ಬುಡ ಒಂದು ಕಡೆ ತುದಿ ಒಂದು ಕಡೆ, ರೆಂಬೆ ಒಂದಕ್ಕೊಂದು ಹೆಣ್ಕೊಂಡು ಗಂಟಾಗಿ, ಒಂದು ಕೊಂಬೆ ಬಿಡಿಸೋಕೇ ನಂಗೆ ಒಂದೊಂದು ನಿಮಿಷ ಹೋಗ್ತಿತ್ತು, ಅಷ್ಟೊತ್ತೂ ಇಂಜಿನ್ ಸುಮ್ನೆ ಪೆಟ್ರೋಲ್ ಕುಡಿತಿತ್ತು. ಇನ್ನೊಂದು, ನೆಲದ ಮೇಲೆ ಎಳೆದಿದ್ದಕ್ಕೆ ಬುಡದಲ್ಲೆಲ್ಲ ಮಣ್ಣು, ಆ ಮಣ್ಣಲ್ಲಿರೋ ಮರಳು ಬ್ಲೇಡಿನ ಅಲಗನ್ನ ತಿಂದು ಹಾಕುತ್ತೆ, ಎರಡನೇ ದಿನ ಮಧ್ಯಾಹ್ನಕ್ಕೇ ಚಕ್ಕೆ ಬದಲು ನಾರು ನಾರು ಪುಡಿ ಬರ್ತಿತ್ತು. ಎಲ್ಲಕ್ಕಿಂತ ದೊಡ್ಡದು ದಪ್ಪ ಕೊಂಬೆ. ಮೂರಿಂಚು ಅಂತ ಬರೆದಿದ್ದಾರಲ್ಲ ಅಂತ ನಾನು ಎರಡೂವರೆ ಮೂರು ಇಂಚಿನದ್ದೆಲ್ಲ ಕೊಡ್ತಿದ್ದೆ, ಸಿಲ್ವರ್ ಓಕಿನ ಹಸಿ ಕೊಂಬೆ ಹೋಗ್ತಿತ್ತು, ಹಲಸಿಂದು ಕೊಟ್ರೆ ಇಂಜಿನ್ ನರಳಿ ಆರ್‌ಪಿಎಂ ಇಳಿದು ಬಿಡೋದು, ಮತ್ತೆ ವಾಪಸ್ ಎಳೆದು ಸ್ಪೀಡು ಏರೋ ತನಕ ಕಾದು ಮತ್ತೆ ಕೊಡೋದು.

ಎರಡನೇ ದಿನವೇ ಇನ್ನೊಂದು ಆಯ್ತು, ಅದನ್ನ ಮುಚ್ಚಿಡೋ ವಿಷಯ ಅಲ್ಲ. ಹಾಲುವಾಣದ ಸೊಪ್ಪು ತುಂಬ ನೀರು, ಮೇಲಿನ ಬಾಯಿಗೆ ಬರೀ ಅದನ್ನೇ ಹಾಕಿದ್ದಕ್ಕೆ ಜಾಲರಿಗೆ ಮೆತ್ಕೊಂಡು ಪೂರ್ತಿ ಕಟ್ಕೊಳ್ತು. ನಾನು ಇಂಜಿನ್ ಆಫ್ ಮಾಡಿ ನೀರು ಕುಡಿಯೋಕೆ ಆ ಕಡೆ ತಿರುಗಿದ್ದೆ ಅಷ್ಟೇ, ಆಳೊಬ್ಬ ಸಹಾಯ ಮಾಡೋಣ ಅಂತ ಚಕ್ಕೆ ಬರೋ ಬಾಯೊಳಗೆ ಒಂದು ಕಾಫಿ ಕೋಲು ಹಾಕಿ ತಿವಿದ. ಇಂಜಿನ್ ನಿಂತ್ರೂ ಫ್ಲೈವೀಲು ಅರ್ಧ ಮುಕ್ಕಾಲು ನಿಮಿಷ ತಿರುಗ್ತಾನೇ ಇರುತ್ತೆ, ಸದ್ದು ಕಮ್ಮಿ ಆಗಿರೋದ್ರಿಂದ ನಿಂತಿದೆ ಅನ್ಸುತ್ತೆ. ಕೋಲನ್ನ ಎಳ್ಕೊಂಡು ಮುರಿದು ವಾಪಸ್ ಎಸೀತು, ಅವನ ಮುಂಗೈಗೆ ಬಡಿದು ಊದ್ಕೊಳ್ತು, ಮೂಳೆಗೆ ಏನೂ ಆಗ್ಲಿಲ್ಲ ಅಂತ ಆಸ್ಪತ್ರೇಲಿ ನೋಡಿ ಹೇಳಿದ್ರು. ಕೋಲಿನ ಬದಲು ಕೈ ಹಾಕಿದ್ರೆ? ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಕೆಲಸ ಶುರು ಮಾಡೋ ಮುಂಚೆ ಹೇಳಿಕೊಡಬೇಕಾಗಿದ್ದು ನಾನು, ಹೇಳಿರ್ಲಿಲ್ಲ. ಮರುದಿನದಿಂದ ಒಂದೇ ನಿಯಮ: ಮೆಷಿನ್ ಒಳಗೆ ಏನೇ ಸಿಕ್ಕಿದ್ರೂ ಇಂಜಿನ್ ಆಫ್, ಸ್ಪಾರ್ಕ್ ಪ್ಲಗ್ ಕ್ಯಾಪ್ ಕಿತ್ತು ಪಕ್ಕಕ್ಕೆ ತಿರುಗಿಸಿ, ಗಟ್ಟಿಯಾಗಿ ಅರವತ್ತು ಎಣಿಸಿ, ಫ್ಲೈವೀಲು ನಿಂತಿರೋದನ್ನ ಕಣ್ಣಲ್ಲಿ ನೋಡಿದ ಮೇಲೇ ಜಾಲರಿ ಬಿಚ್ಚೋದು, ಅದನ್ನ ಬಿಚ್ಚೋದು ನಾನೊಬ್ಬನೇ. ಹೆಗಲ ಮೇಲೆ ಟವಲು ಬೇಡ, ಮಣಿಕಟ್ಟಲ್ಲಿ ಸಡಿಲ ಇರೋ ಗ್ಲೌಸ್ ಬೇಡ, ಕೊಂಬೆಯ ರೆಂಬೆ ಕೊಕ್ಕೆ ಥರ ಗ್ಲೌಸ್ ಬಾಯಿಗೆ ಸಿಕ್ಕಿದ್ರೆ ಕೈ ಸಮೇತ ಒಳಗೆ ಹೋಗುತ್ತೆ. ಕಣ್ಣಿಗೆ ಕನ್ನಡಕ, ಕಿವಿಗೆ ಇಯರ್ ಮಫ್ ಕಡ್ಡಾಯ. ಇಯರ್ ಮಫ್ ಹಾಕಿದ್ರೆ ಒಬ್ಬರ ಮಾತು ಒಬ್ಬರಿಗೆ ಕೇಳಲ್ಲ, ಅದಕ್ಕೆ ಕೈ ಸನ್ನೆ ಮೊದಲೇ ಮಾತಾಡ್ಕೊಂಡ್ವಿ, ಎರಡೂ ಕೈ ಮೇಲೆತ್ತಿದ್ರೆ ಇಂಜಿನ್ ಆಫ್.

ನಿಧಾನದ ಸಮಸ್ಯೆಗೆ ದಾರಿ ತೋರಿಸಿದ್ದು ದೊಡ್ಡಮ್ಮ. ಅವರಿಗೆ ಮೆಷಿನ್ ಮೇಲೆ ಮೊದಲ ದಿನದಿಂದಲೂ ಸಿಟ್ಟು, ಬಚ್ಚಲ ಒಲೆಗೆ ಮಳೆಗಾಲ ಪೂರ್ತಿ ಸೌದೆ ಬೇಕು, ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ತನಕ ಒಣಗಿದ ಕಟ್ಟಿಗೆ ಅಂದ್ರೆ ಚಿನ್ನ, ನಾನು ನೋಡಿದ್ರೆ ಒಳ್ಳೊಳ್ಳೆ ಹಲಸಿನ ಕೊಂಬೆಯನ್ನೆಲ್ಲ ಕೊಚ್ಚಿ ಚೀಲಕ್ಕೆ ತುಂಬ್ತಿದ್ದೆ. ಎರಡನೇ ದಿನ ರಾತ್ರಿ ಊಟಕ್ಕೆ ಕೂತಾಗ "ಸೌದೆಗೆ ಆಗೋದು ನಂಗೆ, ಆಗದೇ ಇರೋದು ನಿನ್ನ ಮೆಷಿನ್ನಿಗೆ, ಎಷ್ಟು ದಪ್ಪ ಅಂತ ಆಳುಗಳಿಗೆ ಗೊತ್ತಾಗ್ಬೇಕಲ್ಲ, ತಗೋ" ಅಂತ ಒಂದು ಹಳೇ ಬಳೆ ತಂದು ಕೈಗಿಟ್ರು. ಎರಡು ನಾಲ್ಕು ಸೈಜು, ಅಂದ್ರೆ ಒಳಗಿನ ಅಳತೆ ಎರಡೂಕಾಲು ಇಂಚು. ಬಳೆ ಒಳಗೆ ತೂರೋ ಕೊಂಬೆ ಮೆಷಿನ್ನಿಗೆ, ತೂರದೇ ಇರೋದು ಸೌದೆ ಕೊಟ್ಟಿಗೆಗೆ. ಇಷ್ಟೇ. ಮಾರನೇ ದಿನದಿಂದ ಹಾಗೇ ಮಾಡಿದ್ದಕ್ಕೆ ಇಂಜಿನ್ ನರಳೋದೇ ನಿಂತುಹೋಯ್ತು, ಯಾಕಂದ್ರೆ ನರಳಿಸ್ತಿದ್ದಿದ್ದು ಆ ದಪ್ಪ ಕೊಂಬೆಗಳೇ, ಒಂದು ಮೂರಿಂಚಿನ ಕೊಂಬೆ ಕೊಚ್ಚೋ ಹೊತ್ತಲ್ಲಿ ತೆಳ್ಳನೇವು ಹತ್ತು ಹನ್ನೆರಡು ಹೋಗ್ತವೆ. ಮೆಷಿನ್ ಮೇಲೆ ಬರೆದಿರೋ ಮೂರಿಂಚು ಒಂದೊಂದು ಕೊಂಬೆಗೆ ಸರಿ ಇರಬಹುದು, ದಿನಪೂರ್ತಿ ಕೆಲಸಕ್ಕೆ ಎರಡು, ಹೆಚ್ಚಂದ್ರೆ ಎರಡೂಕಾಲು ಅಂತ ಇಟ್ಕೊಂಡ್ರೆ ಮೆಷಿನ್ನೂ ಬದುಕುತ್ತೆ ನಾವೂ ಬದುಕ್ತೀವಿ.

ಇದರಲ್ಲಿ ಇನ್ನೊಂದು ಲಾಭನೂ ಇದೆ. ತೆಳ್ಳನೆ ಕೊಂಬೆ ಮತ್ತೆ ಸೊಪ್ಪಲ್ಲೇ ಗಿಡಕ್ಕೆ ಬೇಕಾದ ಸತ್ವ ಜಾಸ್ತಿ ಇರೋದು, ಕೆನಡಾದ ಕ್ವಿಬೆಕ್ ಕಡೆ ಈ ಸಣ್ಣ ಕೊಂಬೆ ಚಕ್ಕೆ ಮೇಲೆ ಕೆಲಸ ಮಾಡಿದೋರು 7 ಸೆಂಟಿಮೀಟರ್‌ಗಿಂತ ತೆಳ್ಳನೇದನ್ನ ಮಾತ್ರ ಮಣ್ಣಿಗೆ ಅಂತ ಗೆರೆ ಎಳೆದಿದ್ದಾರೆ. ದಪ್ಪ ಕಾಂಡದ ಚಕ್ಕೇಲಿ ಇಂಗಾಲ ಸಾರಜನಕದ ನೂರಾರು ಪಟ್ಟು ಇರುತ್ತೆ, ಅದು ಕೊಳೆಯೋಕೆ ಮಣ್ಣಲ್ಲಿರೋ ಸಾರಜನಕನೇ ಎಳ್ಕೊಳ್ಳುತ್ತೆ.

ಮೂರನೇ ದಿನದಿಂದ ಕೆಲಸದ ಕ್ರಮನೇ ಬದಲಾಯಿಸಿದ್ವಿ. ಬೆಳಿಗ್ಗೆ ಎಂಟರಿಂದ ಹನ್ನೊಂದರ ತನಕ ಮೆಷಿನ್ ಶುರುನೇ ಮಾಡ್ತಿರ್ಲಿಲ್ಲ, ಮೂರೂ ಜನ ಮರದ ಬುಡದಲ್ಲೇ ಕೂತು ಮಚ್ಚಲ್ಲಿ ಕವಲು ಕಡಿದು, ಬಳೆ ಅಳತೆ ನೋಡಿ ಬೇರೆ ಮಾಡಿ, ಬುಡ ಎಲ್ಲ ಒಂದೇ ಕಡೆ ಬರೋ ಹಾಗೆ ಹೊರೆ ಕಟ್ಟಿ, ಎಳೆಯದೆ ಹೆಗಲ ಮೇಲೆ ಹೊತ್ಕೊಂಡು ಬಂದು ಟಾರ್ಪಾಲ್ ಮೇಲೆ ಪೇರಿಸೋದು. ಮಣ್ಣು ಮೆತ್ತಿದ ಬುಡ ಇದ್ರೆ ಒಂದು ಗೇಣು ಕಡಿದು ಬಿಸಾಕೋದು. ಮೆಷಿನ್ನನ್ನೂ ಪಟ್ಟೆಯಿಂದ ಪಟ್ಟೆಗೆ ಜರುಗಿಸ್ತಾ ಹೋದ್ವಿ, ಆದ್ರೆ ಪ್ರತಿ ಸಲ ಸಮತಟ್ಟು ಜಾಗ ಮಾಡ್ಕೊಂಡು ನಿಲ್ಲಿಸಿ, ಯಾಕಂದ್ರೆ ಈ ಸಣ್ಣ ಇಂಜಿನ್ನಲ್ಲಿ ಆಯಿಲ್ ಪಂಪ್ ಇರಲ್ಲ, ಒಳಗೆ ಆಯಿಲ್ ಚಿಮ್ಮಿಸಿಯೇ ಎಲ್ಲ ಕಡೆ ತಲುಪಿಸೋದು, ಇಳಿಜಾರಲ್ಲಿ ಓರೆಯಾಗಿ ಓಡಿಸಿದ್ರೆ ಆಯಿಲ್ ಒಂದು ಮೂಲೆಗೆ ಸರಿದು ಇಂಜಿನ್ ಸೀಜ್ ಆಗಬಹುದು. ಊಟ ಮಾಡಿ ಮಧ್ಯಾಹ್ನದ ಮೇಲೆ ನಾಲ್ಕು ಗಂಟೆ ಬಿಡದೇ ಕೊಚ್ಚೋದು. ಒಂದು ಹೊರೆ ಸೊಪ್ಪು ಹಾಕಿದ್ರೆ ಅದರ ಬೆನ್ನಿಗೆ ಎರಡು ಗಟ್ಟಿ ಕೊಂಬೆ, ಗಟ್ಟಿ ಚಕ್ಕೆ ಹೋಗುವಾಗ ಒಳಗೆ ಮೆತ್ಕೊಂಡಿರೋ ಸೊಪ್ಪನ್ನೂ ಉಜ್ಜಿ ತಗೊಂಡು ಹೋಗುತ್ತೆ, ಆಮೇಲೆ ಜಾಲರಿ ಕಟ್ಕೊಂಡಿದ್ದು ಎರಡೇ ಸಲ. ಬುಡ ಮೊದಲು ಕೊಡ್ಬೇಕು, ತುದಿ ಮೊದಲು ಕೊಟ್ರೆ ರೆಂಬೆಗಳು ಹಿಂದಕ್ಕೆ ಬಿಚ್ಕೊಂಡು ಬಾಯಲ್ಲಿ ಸಿಕ್ಕಿಹಾಕೊಳ್ತವೆ. ಕೊಟ್ಟ ತಕ್ಷಣ ಕೈ ಬಿಟ್ಟು ಪಕ್ಕಕ್ಕೆ ಸರೀಬೇಕು, ಕೊಂಬೆಯ ಬಾಲ ಚಾಟಿ ಥರ ಬೀಸುತ್ತೆ.

ಕೊಯ್ದ ನಾಲ್ಕೈದು ದಿನದೊಳಗಿನ ಹಸಿ ಕೊಂಬೆಗೂ ಒಣಗಿದ್ದಕ್ಕೂ ಭಾರಿ ವ್ಯತ್ಯಾಸ. ಹಸೀದು ಬೆಣ್ಣೆ ಥರ ಹೋಗುತ್ತೆ, ಒಣಗಿದ್ದು ಕುಣಿಯುತ್ತೆ, ವಾಪಸ್ ಒದೆಯುತ್ತೆ, ಬ್ಲೇಡಿನ ಆಯಸ್ಸನ್ನೂ ತಿನ್ನುತ್ತೆ. ಮರಗಸಿ ಆದ ಮೇಲೆ ಮೆಷಿನ್ ತರ್ತೀವಿ ಅಂತ ಹದಿನೈದು ದಿನ ಕಾಯೋ ಬದಲು ಮರ ಹತ್ತಿದೋರ ಹಿಂದೆ ಹಿಂದೆಯೇ ಮೆಷಿನ್ ಹೋಗ್ಬೇಕು, ನಾವು ಒಂದು ವಾರ ತಡ ಮಾಡಿದ್ವಿ, ಕೊನೇ ಎರಡು ದಿನ ಅದರ ಫಲ ಉಂಡ್ವಿ.

ಬ್ಲೇಡನ್ನ ಎರಡು ಸಲ ತೆಗೆದೆ. ಎರಡೂ ಕಡೆ ಅಲಗು ಇರೋ ಬ್ಲೇಡು, ಒಂದು ಕಡೆ ಮೊಂಡಾದ್ರೆ ತಿರುಗಿಸಿ ಹಾಕಬಹುದು, ಎರಡನೇ ದಿನ ರಾತ್ರಿ ಹಾಗೆ ಮಾಡಿದೆ, ಆರನೇ ದಿನ ಪೇಟೇಲಿ ಸಾಣೆ ಹಿಡಿಸಿ ತಂದೆ. ಸಾಣೆ ಹಿಡಿಯೋರಿಗೆ ಎರಡು ಮಾತು ಹೇಳ್ಬೇಕು, ಬಿಸಿಯಾಗಿ ಅಲಗು ನೀಲಿ ಬಣ್ಣಕ್ಕೆ ತಿರುಗಬಾರದು, ನೀಲಿ ಆದ್ರೆ ಹದ ಹೋಯ್ತು ಅಂತಲೇ, ಇನ್ನೊಂದು ಎರಡೂ ಬ್ಲೇಡಿಂದ ಸಮ ಸಮ ತೆಗೀಬೇಕು, ತೂಕ ಹೆಚ್ಚುಕಮ್ಮಿ ಆದ್ರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗೋ ಫ್ಲೈವೀಲು ನಡುಗಿ ಬೇರಿಂಗ್ ಹಾಳಾಗುತ್ತೆ. ವಾಪಸ್ ಹಾಕುವಾಗ ಬ್ಲೇಡಿಗೂ ಎದುರಿನ ಪಟ್ಟಿಗೂ ನಡುವೆ ಸಂದು ಒಂದೆರಡು ಮಿಲಿಮೀಟರ್ ಒಳಗೇ ಇರಬೇಕು, ನಮ್ಮ ಮೆಷಿನ್ನಿಗೆ ಮೂರು ಲಗ್ನಪತ್ರಿಕೆ ರಟ್ಟು ಸೇರಿಸಿ ತೂರಿಸಿದ್ರೆ ಸರಿಯಾಗಿ ಕೂರುತ್ತೆ. ಸಂದು ಜಾಸ್ತಿ ಆದ್ರೆ ಬ್ಲೇಡು ಎಷ್ಟು ಹರಿತ ಇದ್ರೂ ಸೊಪ್ಪಿನ ನಾರು ಕಡಿಯದೇ ಮಡಿಚ್ಕೊಂಡು ಹೋಗಿ ಸುತ್ತಿಕೊಳ್ಳುತ್ತೆ.

ಎಲ್ಲಾನೂ ಮೆಷಿನ್ನಿಗೆ ಹಾಕೋ ಹಾಗಿಲ್ಲ, ಇದನ್ನ ಒತ್ತಿ ಹೇಳ್ಬೇಕು. ಜಿಗ್ಗು ತೆಗೀತಾ ಹೋದಾಗ ಬೋರರ್, ಅಂದ್ರೆ ಕಾಂಡ ಕೊರೆಯೋ ಹುಳ, ಬಿದ್ದ ಹದಿನೇಳು ಕಾಫಿ ಗಿಡ ಸಿಕ್ಕಿದ್ವು, ಕಾಂಡದ ಮೇಲೆ ಉಬ್ಬಿದ ಏರು, ಎಲೆ ಹಳದಿ. ಬಿಳಿ ಕಾಂಡಕೊರಕದ ದುಂಬಿ ಹಾರೋದು ಏಪ್ರಿಲ್ ಮೇ ತಿಂಗಳಲ್ಲಿ ಒಂದು ಸಲ, ಆಮೇಲೆ ಅಕ್ಟೋಬರಿಂದ ಡಿಸೆಂಬರ್ ತನಕ ಇನ್ನೊಂದು ಸಲ, ಅಂದ್ರೆ ನಾವು ಕೆಲಸ ಮಾಡ್ತಿದ್ದಿದ್ದೇ ಅದು ಹೊರಗೆ ಬರೋ ಹೊತ್ತಲ್ಲಿ. ಅಂಥ ಗಿಡಾನ ಬುಡ ಸಮೇತ ಕಿತ್ತು ಸುಡಬೇಕು ಅಂತ ಕಾಫಿ ಬೋರ್ಡು ಯಾವತ್ತಿಂದಲೂ ಹೇಳೋದು, ಕೊಚ್ಚಿ ಗಿಡದ ಬುಡಕ್ಕೆ ಹಾಕಿದ್ರೆ ದಪ್ಪ ಚಕ್ಕೆಯೊಳಗೆ ಹುಳ ಉಳಿದಿಲ್ಲ ಅಂತ ಯಾರು ಗ್ಯಾರಂಟಿ ಕೊಡ್ತಾರೆ. ಆ ಹದಿನೇಳು ಗಿಡಾನ ಅವತ್ತೇ ಕಿತ್ತು ರಸ್ತೆ ಪಕ್ಕ ಸಣ್ಣ ಬೆಂಕಿ ಮಾಡಿ ಸುಟ್ವಿ, ಬೆಂಕಿ ಕೊಡೋ ಕೆಲಸ ದೊಡ್ಡಪ್ಪನೇ ಕುರ್ಚಿ ಹಾಕ್ಕೊಂಡು ಕೂತು ಮಾಡಿದ್ರು. ಕೊಳೆರೋಗ ಬಂದ ರೆಂಬೆನೂ ಇದೇ ದಾರಿ.

ಲಂಟಾನದ ಕಥೆ ಬೇರೆ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಚಂದಕ್ಕೆ ಅಂತ ತಂದ ಗಿಡ, ಈಗ ನಮ್ಮ ಕಾಡು ತೋಟ ಎಲ್ಲಾನೂ ತಿಂತಿದೆ. ಅದರ ಕಡ್ಡಿ ಚಿಪ್ಪರಲ್ಲಿ ಚೆನ್ನಾಗೇ ಹೋಗುತ್ತೆ, ಆದ್ರೆ ಮೇಲಿಂದ ಕಡಿದು ಕೊಚ್ಚಿದ್ರೆ ಬುಡ ಮತ್ತೆ ಹತ್ತು ಕಡೆ ಚಿಗುರುತ್ತೆ. ಉತ್ತರಾಖಂಡದ ಕಾರ್ಬೆಟ್‌ನಲ್ಲಿ ದೆಹಲಿ ವಿಶ್ವವಿದ್ಯಾಲಯದವರು ಮಾಡಿ ತೋರಿಸಿದ ವಿಧಾನ ಅಂದ್ರೆ ನೆಲದ ಒಳಗೆ ಚಿಗುರೋ ಗಂಟಿನ ಕೆಳಗೆ ತಾಯಿಬೇರನ್ನ ಕಡಿದು, ಗಿಡಾನ ತಲೆಕೆಳಗಾಗಿ ನಿಲ್ಲಿಸಿ ಒಣಗೋಕೆ ಬಿಡೋದು. ನಾವೂ ಹಾಗೇ ಬುಡ ಕಡಿದು ತೆಗೆದು, ಕಾಯಿ ಇಲ್ಲದ ಕಡ್ಡೀನ ಮಾತ್ರ ಕೊಚ್ಚಿದ್ವಿ, ಕಾಯಿ ಇರೋದನ್ನ ಬೋರರ್ ಗಿಡದ ಬೆಂಕಿಗೇ ಹಾಕಿದ್ವಿ, ಇಲ್ಲಾಂದ್ರೆ ಚಕ್ಕೆ ಜೊತೆ ಬೀಜನೂ ತೋಟದ ತುಂಬ ನಾವೇ ಬಿತ್ತಿದ ಹಾಗೆ ಆಗುತ್ತೆ. ಕಾಡು ಬಳ್ಳಿ ಒಂದೂ ಹಾಕ್ಲಿಲ್ಲ, ಕಡಿಯೋ ಬದಲು ಫ್ಲೈವೀಲಿಗೆ ಹಗ್ಗದ ಥರ ಸುತ್ಕೊಳ್ಳುತ್ತೆ. ಇನ್ನು ಸಿಲ್ವರ್ ಓಕು, ಅದರ ಧೂಳು ಕೆಲವರ ಮೈಗೆ ಆಗಲ್ಲ, ಒಬ್ಬ ಆಳಿಗೆ ಕುತ್ತಿಗೆ ಸುತ್ತ ಕೆಂಪು ದದ್ದು ಬಂತು, ಆಮೇಲೆ ತುಂಬು ತೋಳಿನ ಅಂಗಿ, ಮುಖಕ್ಕೆ ಬಟ್ಟೆ ಒಳಗೆ ಸಿಕ್ಕಿಸಿ ಕಟ್ಕೊಂಡ ಮೇಲೆ ಕಮ್ಮಿ ಆಯ್ತು.

ಮಧ್ಯೆ ಒಂದು ದಿನ ಜೋರು ಮಳೆ, ಒಂದು ಇಂಚು ಇಪ್ಪತ್ತು ಸೆಂಟ್, ಅಂದ್ರೆ 1.20 ಇಂಚು ಬಂತು, ಅವತ್ತು ಬಿಟ್ಟು ಒಟ್ಟು ಎಂಟು ದಿನದ ಕೆಲಸ. ಕೊನೇ ಆರು ದಿನದಲ್ಲಿ 25 ಗಂಟೆ ಮೆಷಿನ್ ಓಡಿ 260 ಚೀಲ ಬಂತು, ಗಂಟೆಗೆ ಹತ್ತು ಚೀಲದ ಮೇಲೆ, ಮೊದಲೆರಡು ದಿನದ್ದಕ್ಕೆ ಎರಡೂವರೆ ಪಟ್ಟು. ಅದೇ ಮೆಷಿನ್ನು, ಅದೇ ಇಬ್ಬರು ಆಳು. ಎಲ್ಲ ಸೇರಿ 298 ಚೀಲ.

ಅಷ್ಟು ಚೀಲ ಒಟ್ಟಿಗೆ ಪೇರಿಸಿದ್ದು ನೋಡಿ ದೊಡ್ಡಪ್ಪ "ಇಡೀ ತೋಟಕ್ಕೆ ಹಾಕ್ಬಹುದಲ್ಲೋ" ಅಂದ್ರು, ನಂಗೂ ಹಾಗೇ ಅನ್ಸಿತ್ತು. ಲೆಕ್ಕ ಹಾಕಿದ ಮೇಲೆ ಗೊತ್ತಾಗಿದ್ದು. ಒಂದು ಚೀಲದಲ್ಲಿ ಹತ್ತತ್ರ 65 ಲೀಟರ್ ಚಕ್ಕೆ ಹಿಡಿಯುತ್ತೆ, ಬೆಳೆದ ಒಂದು ಕಾಫಿ ಗಿಡದ ಸುತ್ತ ಕಾಂಡದಿಂದ ಎರಡೂವರೆ ಅಡಿ ದೂರದ ತನಕ ಮೂರಿಂಚು ದಪ್ಪ ಹಾಕ್ಬೇಕಂದ್ರೆ ಎರಡು ಚೀಲ ಬೇಕು. ಆರಡಿ ಆರಡಿ ಅಂತರದಲ್ಲಿ ಎಕರೆಗೆ 1,200 ಗಿಡ. ಅಂದ್ರೆ ಒಂದೇ ಎಕರೆಗೆ 2,400 ಚೀಲ, ನಮ್ಮ ಹತ್ರ ಇರೋದು ಅದರ ಎಂಟನೇ ಒಂದು ಭಾಗ. ಎಲ್ಲಾ ಗಿಡಕ್ಕೂ ಒಂದೊಂದು ಹಿಡಿ ಎರಚಿದ್ರೆ ಯಾವುದಕ್ಕೂ ಉಪಯೋಗ ಆಗಲ್ಲ. ಚಿಪ್ಪರ್ ತಗೊಳ್ಳೋರು ಈ ಲೆಕ್ಕ ಮೊದಲೇ ಹಾಕ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಯಾಕಂದ್ರೆ ರಾಶಿ ನೋಡಿದ್ರೆ ಕಣ್ಣಿಗೆ ಬೆಟ್ಟದ ಥರ ಕಾಣುತ್ತೆ, ಮಣ್ಣಿನ ಮೇಲೆ ಹರಡಿದಾಗ ಎಲ್ಲಿ ಹೋಯ್ತು ಅಂತ ಹುಡುಕ್ಬೇಕು.

ಹಾಗಾಗಿ ಯಾರಿಗೆ ಅತಿ ಬೇಕೋ ಅವರಿಗೆ ಅಂತ ಇಟ್ಕೊಂಡ್ವಿ. ಪಶ್ಚಿಮದ ಇಳಿಜಾರಲ್ಲಿ ಹಿಂದಿನ ಮಳೆಗಾಲ ಸಾಲಿನ ನಡುವೆ ಗಿಡ ಇಲ್ಲದ ಗ್ಯಾಪ್‌ಗಳಿಗೆ ಹಾಕಿದ್ದ 300 ಹೊಸ ಗಿಡ ಇದ್ವು, ಸಂಜೆ ಬಿಸಿಲು ನೇರ ಬಡಿಯೋ ಜಾಗ. ಅದರಲ್ಲಿ 240 ಗಿಡಕ್ಕೆ ಒಂದೊಂದು ಚೀಲ, ಸುತ್ತ ಎಲ್ಲ ಕಡೆಗೂ ಎರಡಡಿ ದೂರದ ತನಕ, ಎರಡೂವರೆ ಇಂಚು ದಪ್ಪ, ಕಾಂಡದಿಂದ ಅರ್ಧ ಅಡಿ ಬಿಟ್ಟು. ಕಾಂಡಕ್ಕೆ ತಾಗಿಸಿ ಹಾಕಿದ್ರೆ ತೇವ ನಿಂತು ತೊಗಟೆ ಕೊಳೆಯುತ್ತೆ, ಗೆದ್ದಲೂ ಬರುತ್ತೆ. ಅಗತೆ ಮಾಡಿ ಮಣ್ಣೊಳಗೆ ಸೇರಿಸ್ಲಿಲ್ಲ, ಮೇಲೇ ಹರಡಿದ್ದು, ಒಳಗೆ ಸೇರಿಸಿದ್ರೆ ಸಾರಜನಕದ ಎಳೆದಾಟ ಬೇರಿನ ಮಟ್ಟದಲ್ಲೇ ಆಗಿ ಎಳೆ ಗಿಡ ಹಳದಿ ಆಗುತ್ತೆ. ಉಳಿದ 58 ಚೀಲ ಇಳಿಜಾರಲ್ಲಿ ಮಳೆನೀರು ಮಣ್ಣು ತಡೆಯೋಕೆ ತೆಗೆದಿರೋ ತೊಟ್ಟಿಲು ಗುಂಡಿಗಳಿಗೆ, ಸ್ವಲ್ಪ ಮಳೇಲಿ ಜಾರೋ ಕಾಲುದಾರಿಗೆ.

ಆ ವರ್ಷ ಜುಲೈಯಲ್ಲಿ ಮಲೆನಾಡಲ್ಲಿ ಎಂಥ ಮಳೆ ಬಂತು ಅಂತ ಎಲ್ರಿಗೂ ನೆನಪಿದೆ. ಇಳಿಜಾರಿನ ಮೇಲಿನ ಎರಡು ಸಾಲಲ್ಲಿ ಚಕ್ಕೆ ತೇಲಿ ಕೆಳಗಿನ ತೊಟ್ಟಿಲು ಗುಂಡಿಗೆ ಬಂದು ಕೂತಿತ್ತು, ಗುಂಡಿ ಇಲ್ದೇ ಇದ್ದಿದ್ರೆ ಹಳ್ಳಕ್ಕೆ ಹೋಗ್ತಿತ್ತು. ಮತ್ತೆ ಹೊತ್ತು ಹಾಕಿ, ಗಿಡದ ಕೆಳಗಡೆಗೆ ಅಡ್ಡ ಎರಡು ಸಿಲ್ವರ್ ಕೊಂಬೆ ಗೂಟ ಹೊಡೆದು ನಿಲ್ಲಿಸಿದ್ವಿ, ಆಮೇಲೆ ನಿಂತ್ಕೊಳ್ತು. ಆಗಸ್ಟಲ್ಲಿ ಚಕ್ಕೆ ಕೆಳಗೆ ಬಿಳಿ ಬೂಸ್ಟು ದಾರ ದಾರವಾಗಿ ಹಬ್ಬಿದ್ದು ನೋಡಿ ದೊಡ್ಡಪ್ಪ ಗಾಬರಿ ಆದ್ರು, ಬೇರುರೋಗ ಅಂತ. ಆ ಭಯಕ್ಕೆ ಅರ್ಥ ಇದೆ, ಕಪ್ಪು ಬೇರುರೋಗ ಇರೋ ತೋಟದಲ್ಲಿ ಕೊಳೆಯೋ ತರಗಿನ ಮೂಲಕವೇ ಅದು ಹಬ್ಬುತ್ತೆ, ಅಂಥ ಜಾಗದಲ್ಲಿ ಚಕ್ಕೆ ಹಾಕ್ಲೇಬಾರದು. ನಾವು ಹತ್ತು ಹನ್ನೆರಡು ಗಿಡದ ಬುಡ ಬಿಡಿಸಿ ಬೇರು ನೋಡಿದ್ವಿ, ಬೇರಿನ ಮೇಲೆ ಏನೂ ಇಲ್ಲ, ಬೂಸ್ಟು ಬರೀ ಚಕ್ಕೆ ತಿಂತಿತ್ತು, ಅದರ ಕೆಳಗೆ ಎರೆಹುಳ ಇತ್ತು, ಮಣ್ಣು ಕೈಯಲ್ಲಿ ಹಿಡಿದ್ರೆ ಉದುರೋ ಹಾಗಿತ್ತು. ಬೂಸ್ಟಿನ ಭಯ ದೊಡ್ಡಪ್ಪಂಗೆ ಅವತ್ತಿಗೆ ಹೋಯ್ತು.

ಬುಡದ ಕಳೆ ತೆಗೆಸೋದು ಆ 240 ಗಿಡಕ್ಕೆ ಎರಡು ಸುತ್ತು ಉಳೀತು. 2025ರ ಮಾರ್ಚ್ ಕೊನೆಗೆ ಎಣಿಸಿದಾಗ ಚಕ್ಕೆ ಹಾಕಿದ 240ರಲ್ಲಿ ಒಣಗಿದ್ದು 9, ಹಾಕದೇ ಇದ್ದ 60ರಲ್ಲಿ 8. ಇದನ್ನ ನೋಡಿ ಚಕ್ಕೆಯಿಂದಲೇ ಅಂತ ಹೇಳ್ಬಿಡೋಕೆ ನಂಗೆ ಮನಸ್ಸಿಲ್ಲ, ಆ 60 ಗಿಡ ರಸ್ತೆ ಬದಿ, ಬಿಸಿಲು ಇನ್ನೂ ಜಾಸ್ತಿ. ಆದ್ರೆ ಮಾರ್ಚಲ್ಲಿ ಚಕ್ಕೆ ಸರಿಸಿ ಬೆರಳು ಹಾಕಿದ್ರೆ ಎರಡಿಂಚು ಕೆಳಗೆ ತಂಪು ತಾಗ್ತಿತ್ತು, ಪಕ್ಕದ ಬರಿ ನೆಲದಲ್ಲಿ ಬೆರಳೇ ಇಳೀತಿರ್ಲಿಲ್ಲ.

ದುಡ್ಡಿನ ವಿಷಯ ಮುಚ್ಚುಮರೆ ಇಲ್ದೇ ಹೇಳ್ತೀನಿ. ಇಬ್ಬರು ಆಳಿಗೆ ಎಂಟು ದಿನ, 550ರ ಹಾಗೆ 8,800. ಪೆಟ್ರೋಲ್ 44 ಲೀಟರ್, ಲೀಟರಿಗೆ ನೂರರ ಲೆಕ್ಕ ಹಿಡಿದ್ರೆ 4,400. ಸಾಣೆ 400, ಇಂಜಿನ್ ಆಯಿಲ್ 350. ಒಟ್ಟು 13,950, ನನ್ನ ಕೂಲಿ ಸೇರಿಸದೆ. ಎಳೆದು ಸುಟ್ಟಿದ್ರೆ ಮೂರಾಳು ನಾಲ್ಕು ದಿನ, 6,600ಕ್ಕೆ ಮುಗೀತಿತ್ತು. ಕಳೆ ಕೂಲಿ ಎರಡು ಸುತ್ತಿಂದು ಹತ್ತತ್ರ 3,600 ಉಳೀತು ಅಂತ ಕಳೆದ್ರೂ ಮೊದಲ ವರ್ಷ 3,750 ಜಾಸ್ತಿನೇ ಖರ್ಚು. ಜೊತೆಗೆ ಮೆಷಿನ್ನಿನ ಬೆಲೆ ಇದೆ. ಹಾಗಾಗಿ ಮೂರೂವರೆ ಎಕರೆ ಇರೋ ಒಂದೇ ಮನೆಯವರು 58 ಸಾವಿರ ಕೊಟ್ಟು ಇದನ್ನ ತಗೊಳ್ಳಿ ಅಂತ ನಾನು ಹೇಳಲ್ಲ, ನಾಲ್ಕೈದು ಮನೆ ಸೇರಿ ತಗೊಳ್ಳಿ, ಬಾಡಿಗೆಗೆ ಸಿಕ್ಕಿದ್ರೆ ಬಾಡಿಗೆಗೆ ತರಿಸಿ. ನಮಗೆ ಆ 3,750 ದುಬಾರಿ ಅನ್ಸಿಲ್ಲ, ಸುಟ್ಟು ಹೋದ ಹನ್ನೊಂದು ಗಿಡ ಮತ್ತೆ ಫಸಲಿಗೆ ಬರೋಕೆ ನಾಲ್ಕು ವರ್ಷ ಹಿಡೀತು, ಆ ಲೆಕ್ಕ ಯಾರೂ ಬರೆದಿಡಲ್ಲ.

ಕೆಲಸ ಮುಗಿದ ದಿನ ಟ್ಯಾಂಕಲ್ಲಿದ್ದ ಪೆಟ್ರೋಲ್ ಪೂರ್ತಿ ಇಳಿಸಿ, ಕಾರ್ಬ್ಯುರೇಟರ್ ಖಾಲಿ ಆಗೋ ತನಕ ಇಂಜಿನ್ ಓಡಿಸಿ ನಿಲ್ಲಿಸಿದೆ, ಎಥೆನಾಲ್ ಸೇರಿಸಿದ ಪೆಟ್ರೋಲು ನಮ್ಮ ಮಳೆಗಾಲದ ತೇವದಲ್ಲಿ ನಾಲ್ಕು ತಿಂಗಳು ಕೂತ್ರೆ ನೀರು ಎಳ್ಕೊಂಡು ಅಂಟು ಕಟ್ಟಿ ಮುಂದಿನ ಸಲ ಸ್ಟಾರ್ಟೇ ಆಗಲ್ಲ. ಬ್ಲೇಡಿಗೆ ಗ್ರೀಸ್ ಸವರಿ, ಮೆಷಿನ್ನನ್ನ ಕಣದ ಶೆಡ್ಡಲ್ಲಿ ಇಟ್ವಿ.

2025ರ ಮೇ ತಿಂಗಳಲ್ಲಿ ಮರಗಸಿ ಶುರುವಾದ ಎರಡನೇ ದಿನಕ್ಕೇ ಮೆಷಿನ್ ತೋಟಕ್ಕೆ ಇಳಿಸಿದ್ವಿ, ಕೊಂಬೆ ಇನ್ನೂ ಹಸಿ ಇರುವಾಗಲೇ. ಈ ಸಲ ಮೂರು ವರ್ಷದ ಜಿಗ್ಗು ಇರ್ಲಿಲ್ಲ, ಮೂರೇ ದಿನದ ಕೆಲಸ. ದೊಡ್ಡಮ್ಮ ಅಷ್ಟೊತ್ತಿಗೆ ಸೌದೆ ಕೊಟ್ಟಿಗೇಲಿ ಅರ್ಧ ಜಾಗ ಖಾಲಿ ಮಾಡಿಸಿ ಇಟ್ಟಿದ್ರು. ಹಿಂದಿನ ವರ್ಷ ಕೈಗೆ ಏಟು ತಿಂದಿದ್ದ ಆ ಆಳೂ ಬಂದಿದ್ದ, ಮಚ್ಚು ತಗೊಳ್ಳೋ ಮುಂಚೆ ಅಡಿಗೆಮನೆ ಬಾಗಿಲ ಹತ್ರ ನಿಂತು "ಅಮ್ಮಾ, ಆ ಬಳೆ ಎಲ್ಲಿಟ್ಟಿದೀರಿ" ಅಂತ ಕೇಳ್ತಿದ್ದ.